ಐಸ್ ಬ್ಲಾಕಿನ ರೇಟು, ಮ್ಯಾನೇಜರನ ಜೇಬು

ಕಾರವಾರದ ಬೈತಖೋಲ ಬಂದರಿನ ಬೋಟುಗಳಿಗೆ ಐಸ್ ಕೊಡುವ ಐದು ಪ್ಲಾಂಟ್‌ಗಳಿವೆ ಎಂದುಕೊಳ್ಳಿ. ಈ ಐದು ಪ್ಲಾಂಟ್, ಅವುಗಳ ಮಾಲೀಕರು, ಮ್ಯಾನೇಜರ್‌ಗಳು, ಲೆಕ್ಕದಲ್ಲಿ ಬರುವ ರೂಪಾಯಿ ಎಲ್ಲವೂ ಈ ಅಧ್ಯಯನಕ್ಕೆಂದು ಕಟ್ಟಿದ್ದು. ಕಾನೂನು ಮತ್ತು ಬೇರೆ ಕಡೆಯ ಪ್ರಕರಣಗಳು ಮಾತ್ರ ನಿಜವಾದವು. ಐಸನ್ನೇ ಆರಿಸಿಕೊಳ್ಳಲು ಕಾರಣವಿದೆ. ಸಿಮೆಂಟು, ಬಿಯರ್ ಕಂಪನಿಗಳು ಸೇರಿ ಬೆಲೆ ಏರಿಸಿದ ಸುದ್ದಿ ಓದಿದಾಗ ಅದು ದೊಡ್ಡವರ ವ್ಯವಹಾರ, ನಮಗೇನು ಅನ್ನಿಸುತ್ತದೆ. ಕಾನೂನಿಗೆ ಆ ಭೇದವಿಲ್ಲ. ಬೆಲೆ ಕೂಡಿ ಕಟ್ಟಿದರೆ ವ್ಯಾಪಾರ ಎಷ್ಟು ಸಣ್ಣದು ಎಂಬ ಕಾರಣಕ್ಕೆ ಯಾರಿಗೂ ವಿನಾಯಿತಿ ಇಲ್ಲ.

ನಮ್ಮ ಮ್ಯಾನೇಜರ್ ಅಂಕೋಲೆ ಕಡೆಯವನು. ಬಿ.ಕಾಂ. ಓದಿದ್ದಾನೆ. ತಿಂಗಳಿಗೆ 35 ಸಾವಿರ ಸಂಬಳ. ಬೋಟುಗಳ ಉದ್ರಿ ಬರೆಯುವುದು, ಹೆಸ್ಕಾಂ ಬಿಲ್ ಕಟ್ಟುವುದು, ಅಮೋನಿಯಾ ಕಂಪ್ರೆಸರ್ ಕೆಟ್ಟರೆ ಮೆಕ್ಯಾನಿಕ್ ಕರೆಸುವುದು, ಬಾಕಿ ಕೊಡದ ತಾಂಡೇಲರ (ಬೋಟು ನಡೆಸುವವರ) ಜೊತೆ ಜಗಳವಾಡುವುದು ಎಲ್ಲ ಅವನದೇ. ಪ್ಲಾಂಟ್ ಪಾಲುದಾರಿಕೆಯದು. ಹಿರಿಯ ಪಾಲುದಾರರು, ಅಂದರೆ ಎಲ್ಲರೂ ಸಾವ್ಕಾರ್ರು ಎಂದು ಕರೆಯುವವರು, ವಾರಕ್ಕೊಮ್ಮೆ ಬಂದು ಪುಸ್ತಕ ನೋಡಿ ಹೋಗುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್ ಬಂತೆಂದರೆ ಪರ್ಸಿನ್, ಟ್ರಾಲ್ ಬಲೆಯ ಬೋಟುಗಳೆಲ್ಲ ಒಮ್ಮೆಲೇ ಹೊರಡುತ್ತವೆ, ಎಲ್ಲಕ್ಕೂ ಐಸ್ ಬೇಕು. ಉಪ್ಪುನೀರಿನ ಟ್ಯಾಂಕಿಗೆ ಡಬ್ಬಿ ಇಳಿಸಿದರೆ ಬ್ಲಾಕ್ ಗಟ್ಟಿಯಾಗಲು ಹೆಚ್ಚುಕಮ್ಮಿ ಒಂದು ದಿನ ಹಿಡಿಯುತ್ತದೆ. ಸೀಸನ್ ಶುರುವಾಯಿತೆಂದು ರಾತ್ರೋರಾತ್ರಿ ಜಾಸ್ತಿ ಮಾಡಲು ಆಗುವುದಿಲ್ಲ. ತದಡಿಯಿಂದಲೋ ಗೋವಾದಿಂದಲೋ ತರಿಸೋಣ ಎಂದರೆ ಲಾರಿ ಬಾಡಿಗೆ ಒಂದು ಕಡೆ, ದಾರಿಯಲ್ಲಿ ಕರಗಿದ್ದು ಇನ್ನೊಂದು ಕಡೆ. ಹಾಗಾಗಿ ಬಂದರಿನ ಪಕ್ಕದ ಐದು ಪ್ಲಾಂಟ್ ಒಂದಾದರೆ ಬೋಟಿನವನಿಗೆ ಬೇರೆ ದಾರಿ ಇರುವುದಿಲ್ಲ. ಬೆಲೆ ಒಪ್ಪಂದಗಳು ಹುಟ್ಟುವುದು ಇಂಥ ಜಾಗದಲ್ಲೇ.

ಒಂದು ಜುಲೈ ಕೊನೆಗೆ ಐದೂ ಪ್ಲಾಂಟಿನವರು ಹೋಟೆಲೊಂದರಲ್ಲಿ ಊಟಕ್ಕೆ ಸೇರಿದರು. ಹಿಂದಿನ ಸೀಸನ್‌ನಲ್ಲಿ ಒಬ್ಬರು 90ಕ್ಕೆ, ಇನ್ನೊಬ್ಬರು 85ಕ್ಕೆ ಬ್ಲಾಕ್ ಬಿಟ್ಟು ಯಾರಿಗೂ ಗಿಟ್ಟಿರಲಿಲ್ಲ. ಕರೆಂಟ್ ಬಿಲ್ ಬೇರೆ ಏರಿತ್ತು. ಊಟ ಮುಗಿಯುವ ಹೊತ್ತಿಗೆ ಬ್ಲಾಕಿಗೆ 120 ಎಂದು ಮಾತಾಯಿತು. ಯಾವ ಬೋಟು ಯಾರ ಗಿರಾಕಿ ಎಂಬ ಪಟ್ಟಿಯೂ ಆಯಿತು. ವಾಪಸ್ ಬರುವಾಗ ಸಾವ್ಕಾರ್ರು ಹೇಳಿದರು: "ನೀನೇ ಒಂದು ಗ್ರೂಪ್ ಮಾಡು ಮಾರಾಯ. ನಂಗೆ ಅದೆಲ್ಲ ಬರೋದಿಲ್ಲ."

ವಾಟ್ಸಾಪ್ ಗ್ರೂಪ್ ಆಯಿತು. ಮೊದಲ ಸಂದೇಶ ನಮ್ಮ ಮ್ಯಾನೇಜರನದೇ: "ನಾಳೆಯಿಂದ ಎಲ್ರೂ 120. ಉದ್ರಿಗೆ 125. ಯಾರೂ ಕಡಿಮೆ ಮಾಡ್ಬೇಡಿ." ಮರುವರ್ಷ 130, ಅದರ ಮುಂದಿನ ವರ್ಷ 140. ನಡುವೆ ಮೀನು ಬೀಳದೆ ಬೋಟುಗಳು ದಡದಲ್ಲೇ ನಿಂತ ಒಂದು ವಾರ ಯಾರೋ ಒಬ್ಬರು 110ಕ್ಕೆ ಕೊಟ್ಟರು. ನಮ್ಮವನು ಆ ಬಿಲ್ಲಿನ ಫೋಟೋ ಗ್ರೂಪಿಗೆ ಹಾಕಿದ. ಕೆಳಗೆ ಬರೆದ: "ಹೀಗಾದ್ರೆ ನಿಮ್ಮ ಪ್ಲಾಂಟ್ ಬಂದ್ ಬಿದ್ದಾಗ ನಮ್ಮಿಂದ ಬ್ಲಾಕ್ ಸಿಗೋದಿಲ್ಲ." ಈ ಒಂದು ಸಾಲು ಮುಂದೆ ಅವನಿಗೆ ಎಷ್ಟು ತುಟ್ಟಿಯಾಯಿತು ಎಂಬುದನ್ನು ಆಮೇಲೆ ನೋಡೋಣ.

ಮೂರನೇ ಸೀಸನ್‌ನಲ್ಲಿ ಬೋಟ್ ಮಾಲೀಕರೊಬ್ಬರು ಐದೂ ಪ್ಲಾಂಟಿನ ಬಿಲ್ ಒಟ್ಟುಹಾಕಿದರು. ಮೂರು ವರ್ಷವೂ ಒಂದೇ ದಿನ, ಒಂದೇ ಮೊತ್ತದ ಏರಿಕೆ. ಕೆಲಸ ಬಿಟ್ಟ ಗುಮಾಸ್ತನೊಬ್ಬನಿಂದ ಗ್ರೂಪಿನ ಸ್ಕ್ರೀನ್‌ಶಾಟ್ ಸಿಕ್ಕಿತು. ಎಲ್ಲವೂ ದೆಹಲಿಯ ಭಾರತೀಯ ಸ್ಪರ್ಧಾ ಆಯೋಗಕ್ಕೆ ಹೋಯಿತು. ದೂರು ಕೊಡಲು 3 ವರ್ಷದ ಗಡುವು ಇದೆ, ಅದು ಮೀರಿರಲಿಲ್ಲ. ಮೇಲ್ನೋಟಕ್ಕೆ ಹುರುಳಿದೆ ಎಂದು ಆಯೋಗ ತನ್ನ ಮಹಾನಿರ್ದೇಶಕರಿಗೆ ತನಿಖೆ ಒಪ್ಪಿಸಿತು. ಕೆಲವು ತಿಂಗಳ ಮೇಲೆ ಪ್ಲಾಂಟಿಗೆ ಎರಡು ಕಾಗದ ಬಂದವು. ಒಂದು ಸಂಸ್ಥೆಯ ಹೆಸರಿಗೆ, ಇನ್ನೊಂದು ಮ್ಯಾನೇಜರನ ಸ್ವಂತ ಹೆಸರಿಗೆ.

ಪೊಲೀಸರು ಹಿಡ್ಕೊಂಡು ಹೋಗ್ತಾರಾ?

ಅವನು ವಕೀಲರನ್ನು ಕೇಳಿದ ಮೊದಲ ಪ್ರಶ್ನೆ ಇದು. ನಮ್ಮ ಜಿಲ್ಲೆಯಲ್ಲಿ ಈ ಹೆದರಿಕೆ ಸಹಜ. ಬೇಲೇಕೇರಿ ಅದಿರಿನ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೈಲು ಶಿಕ್ಷೆ ಕೊಟ್ಟದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಮುಂದೆ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟದ್ದು ಅಷ್ಟಾಗಿ ನೆನಪಿರುವುದಿಲ್ಲ. ಆದರೆ ಅದು ಕಳವು, ವಂಚನೆ, ಒಳಸಂಚಿನ ಆರೋಪದ ಕೇಸು. ಇದು ಬೇರೆ.

ಭಾರತದಲ್ಲಿ ಬೆಲೆ ಕೂಡಿ ಕಟ್ಟುವುದಕ್ಕೇ ಜೈಲು ಇಲ್ಲ. 2002ರ ಸ್ಪರ್ಧಾ ಕಾಯ್ದೆಯ ಸೆಕ್ಷನ್ 3 ಇಂಥ ಒಪ್ಪಂದವನ್ನು ನಿಷೇಧಿಸುತ್ತದೆ. ಈ ಭಾಗ ಜಾರಿಗೆ ಬಂದದ್ದು 2009ರ ಮೇ 20ರಿಂದ. ಅದಕ್ಕೆ ಶಿಕ್ಷೆ ಹಣದ ದಂಡ. ಜೈಲಿನ ಬಾಗಿಲು ತೆರೆಯುವುದು ಆಮೇಲೆ, ಆದೇಶ ಬಂದ ಮೇಲಿನ ನಡವಳಿಕೆಯಿಂದ. ಆಯೋಗ "ನಿಲ್ಲಿಸಿ" ಎಂದರೂ ನಿಲ್ಲಿಸದೆ ಹೋದರೆ ದಿನಕ್ಕೆ 1 ಲಕ್ಷದವರೆಗೆ, ಒಟ್ಟು 10 ಕೋಟಿಯವರೆಗೆ ದಂಡ ಬೀಳಬಹುದು. ಅಲ್ಲಿಗೂ ಬಗ್ಗದಿದ್ದರೆ, ಅಥವಾ ಆ ದಂಡ ಕಟ್ಟದಿದ್ದರೆ, ಸೆಕ್ಷನ್ 42ರಡಿ 3 ವರ್ಷದವರೆಗೆ ಜೈಲು, 25 ಕೋಟಿಯವರೆಗೆ ದಂಡ, ಅಥವಾ ಎರಡೂ. ಅದಕ್ಕೂ ಆಯೋಗವೇ ದೆಹಲಿಯ ನ್ಯಾಯಾಲಯಕ್ಕೆ ದೂರು ಕೊಡಬೇಕು. ಕಾರವಾರದ ಪೊಲೀಸ್ ಠಾಣೆಗೆ ಇದರಲ್ಲಿ ಕೆಲಸವಿಲ್ಲ.

ಹೊರದೇಶಗಳಲ್ಲಿ ಹಾಗಲ್ಲ. ಅಮೆರಿಕದಲ್ಲಿ 1890ರ ಶೆರ್ಮನ್ ಕಾಯ್ದೆಯಡಿ ಬೆಲೆ ಒಪ್ಪಂದವೇ ಅಪರಾಧ. 2004ರಿಂದ ಅದಕ್ಕೆ 10 ವರ್ಷದವರೆಗೆ ಜೈಲಿದೆ. ಮೀನಿನ ವ್ಯಾಪಾರದವರಿಗೆ ತಟ್ಟುವ ಉದಾಹರಣೆ ಡಬ್ಬಿ ಟ್ಯೂನಾ ಪ್ರಕರಣ. ಬಂಬಲ್ ಬೀ, ಸ್ಟಾರ್‌ಕಿಸ್ಟ್, ಚಿಕನ್ ಆಫ್ ದ ಸೀ ಎಂಬ ಮೂರು ದೊಡ್ಡ ಕಂಪನಿಗಳು ಬೆಲೆಯ ಮಾತಾಡಿಕೊಂಡವು. ಸ್ಟಾರ್‌ಕಿಸ್ಟ್‌ಗೆ 10 ಕೋಟಿ ಡಾಲರ್ ದಂಡವಾಯಿತು. ಬಂಬಲ್ ಬೀಯ ಮುಖ್ಯಸ್ಥನಾಗಿದ್ದ ಕ್ರಿಸ್ಟೋಫರ್ ಲಿಶೆವ್ಸ್ಕಿ ತಪ್ಪಿತಸ್ಥ ಎಂದು 2019ರ ಡಿಸೆಂಬರ್‌ನಲ್ಲಿ ಜ್ಯೂರಿ ಹೇಳಿತು. 2020ರ ಜೂನ್‌ನಲ್ಲಿ ಅವನಿಗೆ 40 ತಿಂಗಳ ಜೈಲು, 1 ಲಕ್ಷ ಡಾಲರ್ ದಂಡ. ಮೊದಲು ಹೋಗಿ ಬಾಯಿಬಿಟ್ಟ ಚಿಕನ್ ಆಫ್ ದ ಸೀ ಮೇಲೆ ಕ್ರಿಮಿನಲ್ ಕೇಸೇ ಆಗಲಿಲ್ಲ. ಬ್ರಿಟನ್‌ನಲ್ಲೂ 2002ರ ಕಾಯ್ದೆಯಿಂದ 5 ವರ್ಷದವರೆಗೆ ಜೈಲಿದೆ. ಹಡಗಿನಿಂದ ತೈಲ ಇಳಿಸುವ ರಬ್ಬರ್ ಕೊಳವೆಗಳ ಬೆಲೆ ಕಟ್ಟಿದ್ದಕ್ಕೆ ಅಲ್ಲಿ 2008ರಲ್ಲಿ ಮೂವರು ಜೈಲಿಗೆ ಹೋದರು.

ನಮ್ಮ ಮ್ಯಾನೇಜರನ ಐಸ್ ಪ್ಲಾಂಟು ಕಾರವಾರದಲ್ಲಿ ಇರುವವರೆಗೆ ಈ ಶಿಕ್ಷೆಗಳು ಅವನಿಗೆ ತಾಗುವುದಿಲ್ಲ. ಆದರೆ ಮೀನು ರಫ್ತು ಮಾಡುವ ಕಂಪನಿಯ ಮ್ಯಾನೇಜರ್ ಅಮೆರಿಕದ ಗಿರಾಕಿಗೆ ಹೋಗುವ ಸಿಗಡಿಯ ಬೆಲೆ ಹೀಗೇ ಕಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು. ತಮ್ಮ ಮಾರುಕಟ್ಟೆಗೆ ನೇರ ಪೆಟ್ಟು ಬಿದ್ದರೆ ಹೊರಗಿನವರ ಮೇಲೂ ಕೇಸು ಹಾಕುವುದು ಆ ದೇಶದ ರೂಢಿ.

ಒಂದು ಬದಲಾವಣೆ ಮಾಡಿ ನೋಡೋಣ. ಇದೇ ಐವರು ಸರ್ಕಾರಿ ಇಲಾಖೆಯೊಂದರ ಟೆಂಡರಿಗೆ ಒಳಗೊಳಗೇ ಮಾತಾಡಿಕೊಂಡು, ಒಬ್ಬರು ನಿಜವಾದ ದರ, ಉಳಿದವರು ಸುಮ್ನೆ ತೋರಿಕೆಯ ದರ ಹಾಕಿದ್ದರೆ? ಸ್ಪರ್ಧಾ ಕಾಯ್ದೆ ಅದನ್ನೂ ಹಿಡಿಯುತ್ತದೆ. ಅದರ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ ವಂಚನೆ ಮತ್ತು ಒಳಸಂಚಿನ ಸೆಕ್ಷನ್‌ಗಳೂ ಬರಬಹುದು. ವಂಚಿಸಿ ಹಣ ಪಡೆದದ್ದಕ್ಕೆ ಅಲ್ಲಿ 7 ವರ್ಷದವರೆಗೆ ಶಿಕ್ಷೆ. ಅಧಿಕಾರಿಯೊಬ್ಬರು ಲಂಚ ತಿಂದು ಕೈಜೋಡಿಸಿದ್ದರೆ ಭ್ರಷ್ಟಾಚಾರ ತಡೆ ಕಾಯ್ದೆಯೂ ಸೇರುತ್ತದೆ. ಆಗ ಠಾಣೆ, ಜಾಮೀನು ಎಲ್ಲವೂ ಇದೆ. ಬೋಟಿಗೆ ಐಸ್ ಮಾರುವ ಮ್ಯಾನೇಜರ್ ಟೆಂಡರ್ ಫಾರಂ ತುಂಬುವ ದಿನ ಈ ವ್ಯತ್ಯಾಸ ತಿಳಿದಿರಬೇಕು.

"ನಾನು ಸಂಬಳದವ"

ಎರಡನೇ ವಾದ ಇದು. ಲಾಭ ಸಾವ್ಕಾರ್ರದು, ಮಾತು ಅವರದು, ನಾನು ಟೈಪ್ ಮಾಡಿದೆ ಅಷ್ಟೆ. ಕೇಳಲು ನ್ಯಾಯವೇ. ಆದರೆ ಸ್ಪರ್ಧಾ ಕಾಯ್ದೆಯ ಸೆಕ್ಷನ್ 48 ಹಾಗೆ ಓದಿಕೊಳ್ಳುವುದಿಲ್ಲ.

ಆ ಸೆಕ್ಷನ್‌ಗೆ ಎರಡು ಕೈಗಳಿವೆ. ಒಂದು, ತಪ್ಪು ನಡೆದ ಕಾಲಕ್ಕೆ ವ್ಯವಹಾರದ ಉಸ್ತುವಾರಿ ಹೊತ್ತವರನ್ನು ಹಿಡಿಯುತ್ತದೆ. ಅವರೂ ತಪ್ಪು ಮಾಡಿದಂತೆಯೇ ಲೆಕ್ಕ. ನನಗೆ ಗೊತ್ತಿರಲಿಲ್ಲ, ಅಥವಾ ತಡೆಯಲು ಮಾಡಬೇಕಾದ್ದೆಲ್ಲ ಮಾಡಿದ್ದೆ ಎಂದು ಅವರೇ ಸಾಬೀತು ಮಾಡಿದರೆ ಮಾತ್ರ ಪಾರು. ಇನ್ನೊಂದು ಕೈ ನಿರ್ದೇಶಕ, ಮ್ಯಾನೇಜರ್, ಕಾರ್ಯದರ್ಶಿ ಅಥವಾ ಬೇರೆ ಯಾವುದೇ ಅಧಿಕಾರಿಯ ಒಪ್ಪಿಗೆ, ಕೈವಾಡ ಅಥವಾ ಅಲಕ್ಷ್ಯದಿಂದ ತಪ್ಪು ನಡೆದಿದ್ದರೆ ಅವರನ್ನು ಹಿಡಿಯುತ್ತದೆ. ಇಲ್ಲಿ ಅಲಕ್ಷ್ಯವೂ ಸಾಕು ಎಂಬುದನ್ನು ಗಮನಿಸಿ. ಕಂಪನಿ ಎಂಬ ಪದದೊಳಗೆ ಪಾಲುದಾರಿಕೆಯೂ ಬರುತ್ತದೆ, ನಿರ್ದೇಶಕ ಎಂದರೆ ಅಲ್ಲಿ ಪಾಲುದಾರ. ಹಾಗಾಗಿ "ನಮ್ಮದು ಲಿಮಿಟೆಡ್ ಕಂಪನಿ ಅಲ್ವಲ್ಲ" ಎಂಬ ಸಾವ್ಕಾರ್ರ ಸಮಾಧಾನವೂ ನಿಲ್ಲಲಿಲ್ಲ.

ಮ್ಯಾನೇಜರನ ಸ್ಥಿತಿ ನಿಜವಾಗಿ ಕೆಟ್ಟದ್ದು ಬಿಲ್ಲಿನ ಫೋಟೋದಿಂದ. ರೇಟಿನ ಸಂದೇಶವನ್ನು ಮಾಲೀಕರ ಮಾತಿನಂತೆ ಹಾಕಿದೆ ಎನ್ನಬಹುದಿತ್ತು. ಕಡಿಮೆ ಮಾಡಿದವನನ್ನು ಹುಡುಕಿ, ಹೆದರಿಸಿ, ಮತ್ತೆ ಸಾಲಿಗೆ ತಂದದ್ದು ಯಾರ ಮಾತಿನಂತೆ? ಅಲ್ಲಿ ಅವನು ಒಪ್ಪಂದದ ಕಾವಲುಗಾರನಾದ.

ಗ್ರೂಪಿನಲ್ಲಿ ಇನ್ನೊಬ್ಬ ಮ್ಯಾನೇಜರ್ ಇದ್ದ. ಹೊನ್ನಾವರದವನು. ಮೂರು ವರ್ಷದಲ್ಲಿ ಒಂದು ಅಕ್ಷರ ಬರೆದಿರಲಿಲ್ಲ. "ಸುಮ್ನೆ ಓದ್ತಿದ್ದೆ" ಎಂಬುದು ಅವನ ವಾದ. ಆದರೆ ಪ್ರತಿ ಸಂದೇಶದ ಮರುದಿನ ಅವನ ಪ್ಲಾಂಟಿನ ಬಿಲ್ ಪುಸ್ತಕದಲ್ಲೂ ಅದೇ ರೇಟು ಬಂದಿತ್ತು. ಬಾಯಿ ಸುಮ್ಮನಿದ್ದರೂ ಬಿಲ್ ಮಾತಾಡಿತು. ಅವನು ಅಂದೇ "ನಮ್ಮ ರೇಟು ನಾವೇ ನೋಡ್ಕೊಳ್ತೇವೆ" ಎಂದು ಬರೆದು ಗ್ರೂಪ್ ಬಿಟ್ಟಿದ್ದರೆ, ಹಾಗೆಯೇ ನಡೆದುಕೊಂಡಿದ್ದರೆ, ವಾದಕ್ಕೆ ಬಲ ಬರುತ್ತಿತ್ತು.

ಒಂದು ವಿಷಯ ಸ್ಪಷ್ಟಪಡಿಸಬೇಕು. ಬೆಲೆ ಒಂದೇ ಇರುವುದು ತಪ್ಪಲ್ಲ. ಕರೆಂಟ್ ದರ ಏರಿದಾಗ ಐದೂ ಪ್ಲಾಂಟ್ ಬೇರೆಬೇರೆಯಾಗಿ ಲೆಕ್ಕ ಹಾಕಿ ಒಂದೇ ರೇಟಿಗೆ ಬಂದು ನಿಲ್ಲಬಹುದು. 2018ರಲ್ಲಿ ಅಡುಗೆ ಅನಿಲದ ಸಿಲಿಂಡರ್ ತಯಾರಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಯೋಗದ ದಂಡವನ್ನು ತೆಗೆದುಹಾಕಿತು. ಕೊಳ್ಳುವವರು ಬೆರಳೆಣಿಕೆಯ ತೈಲ ಕಂಪನಿಗಳೇ ಆಗಿರುವಾಗ ಮಾರುವವರ ದರ ಹತ್ತಿರ ಹತ್ತಿರ ಇರುವುದಕ್ಕೆ ಬೇರೆ ಕಾರಣವೂ ಇರಬಹುದು ಎಂಬುದು ಅಲ್ಲಿಯ ತರ್ಕ. ನಮ್ಮ ಮ್ಯಾನೇಜರನ ವಕೀಲರು ಈ ತೀರ್ಪನ್ನು ಓದಿ ಸ್ವಲ್ಪ ಹೊತ್ತು ಖುಷಿಪಟ್ಟರು. "ಎಲ್ರೂ 120" ಎಂಬ ಸಂದೇಶ ಇರುವಾಗ ಅದು ಎಷ್ಟು ಉಪಯೋಗಕ್ಕೆ ಬಂದೀತು, ಹೇಳಿ.

ಸಂಘದ ಹೆಸರಿನಲ್ಲಿ ಮಾಡಿದ್ದರೆ ಬಚಾವಾಗುತ್ತಿದ್ದೆವೇ ಎಂದೂ ಸಾವ್ಕಾರ್ರು ಕೇಳಿದರು. ಇಲ್ಲ. ಡಬ್ಬಿಂಗ್ ಚಿತ್ರಗಳನ್ನು ತಡೆದದ್ದಕ್ಕೆ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಇದೇ ಆಯೋಗ 2015ರಲ್ಲಿ ದಂಡ ಹಾಕಿತ್ತು. ಅದು ಬೆಲೆಯ ವಿಷಯವಲ್ಲ, ಆದರೆ ಸಂಘ ಎಂಬುದು ಆಸರೆಯಲ್ಲ ಎಂಬುದು ಅಲ್ಲೇ ಗೊತ್ತಾಗಿತ್ತು. 2021ರ ಬಿಯರ್ ಪ್ರಕರಣದಲ್ಲಿ ಒಟ್ಟು 873 ಕೋಟಿಗೂ ಮೇಲೆ ದಂಡ ಬಿತ್ತು. ಕಂಪನಿಗಳ ಜೊತೆಗೆ ಅವುಗಳ ಸಂಘದ ಮೇಲೂ, ಅಧಿಕಾರಿಗಳ ಮೇಲೂ ಆದೇಶವಾಯಿತು. ಅಲ್ಲಿ ಸಾಕ್ಷ್ಯವಾದದ್ದು ಇಮೇಲ್ ಮತ್ತು ವಾಟ್ಸಾಪ್ ಸಂದೇಶಗಳೇ.

ಲೆಕ್ಕ

2023ರ ತಿದ್ದುಪಡಿಯ ನಂತರ ಕಾರ್ಟೆಲ್‌ನಲ್ಲಿ, ಅಂದರೆ ಇಂಥ ಬೆಲೆ ಕಟ್ಟುವ ಕೂಟದಲ್ಲಿ, ಸಿಕ್ಕಿಬಿದ್ದ ವ್ಯಕ್ತಿಗೆ, ಒಪ್ಪಂದ ನಡೆದ ಪ್ರತಿ ವರ್ಷಕ್ಕೂ ಆದಾಯದ 10 ಶೇಕಡಾದವರೆಗೆ ದಂಡ ಹಾಕಬಹುದು. ನಮ್ಮವನ ವರ್ಷದ ಆದಾಯ 4 ಲಕ್ಷ 20 ಸಾವಿರ. ಮೂರು ವರ್ಷಕ್ಕೆ ಗರಿಷ್ಠ 1 ಲಕ್ಷ 26 ಸಾವಿರ. ಮೂರೂವರೆ ತಿಂಗಳ ಸಂಬಳಕ್ಕಿಂತ ಜಾಸ್ತಿ.

ಪ್ಲಾಂಟಿನ ಲೆಕ್ಕ ಬೇರೆ. ವರ್ಷಕ್ಕೆ ಒಂದೂವರೆ ಕೋಟಿ ವಹಿವಾಟು, 12 ಲಕ್ಷ ಲಾಭ ಎಂದಿಟ್ಟುಕೊಳ್ಳಿ. ಪ್ರತಿ ವರ್ಷಕ್ಕೆ ವಹಿವಾಟಿನ 10 ಶೇಕಡಾ ಹಿಡಿದರೆ ಮೂರು ವರ್ಷಕ್ಕೆ 45 ಲಕ್ಷ. ಪ್ರತಿ ವರ್ಷದ ಲಾಭದ ಮೂರು ಪಟ್ಟು ಹಿಡಿದರೆ 1 ಕೋಟಿ 8 ಲಕ್ಷ. ಇವೆರಡರಲ್ಲಿ ಯಾವುದು ಜಾಸ್ತಿಯೋ ಅದೇ ಮಿತಿ. ಆಯೋಗ ಯಾವಾಗಲೂ ಮಿತಿಯವರೆಗೆ ಹೋಗುವುದಿಲ್ಲ. ರೈಲ್ವೆಗೆ ಬಿಡಿಭಾಗ ಕೊಡುವ ಸಣ್ಣ ಸಂಸ್ಥೆಗಳ ಕೆಲವು ಪ್ರಕರಣಗಳಲ್ಲಿ 2020ರ ಹೊತ್ತಿಗೆ ತಪ್ಪು ಸಾಬೀತಾದರೂ, ಇನ್ನು ಮುಂದೆ ಮಾಡಬೇಡಿ ಎಂದಷ್ಟೇ ಹೇಳಿ ಬಿಟ್ಟದ್ದಿದೆ. ಆದರೆ ಅದನ್ನು ಹಕ್ಕು ಎಂದು ಕೇಳಲು ಬರುವುದಿಲ್ಲ.

ಇಲ್ಲಿ ನನಗೊಂದು ತಕರಾರಿದೆ. ಆದಾಯದ ಮೇಲೆ ದಂಡ ಎಂದಾಗ ಸಂಬಳದವನ ಆದಾಯ ಪೂರ್ತಿ ಕಾಣುತ್ತದೆ. ಮಾಲೀಕರು ಕೊಡುವ ಸಂಬಳದ ತೆರಿಗೆ ಪ್ರಮಾಣಪತ್ರದಲ್ಲಿ ರೂಪಾಯಿ ರೂಪಾಯಿ ಬರೆದಿರುತ್ತದೆ. ಪಾಲುದಾರರು ಕಾಗದದ ಮೇಲೆ ತೋರಿಸುವ ಆದಾಯ ಎಷ್ಟು, ಅನುಭವಿಸುವುದು ಎಷ್ಟು ಎಂಬುದು ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಸಂಸ್ಥೆಯ ದಂಡದಿಂದ ಅವರಿಗೂ ಪೆಟ್ಟು ಬೀಳುತ್ತದೆ, ನಿಜ. ಆದರೂ ವ್ಯಕ್ತಿಯ ಮೇಲಿನ ದಂಡ ಮಾತ್ರ ನೋಡಿದರೆ, ಕಡಿಮೆ ಲಾಭ ಪಡೆದವನೇ ತನ್ನ ಅಳತೆಗೆ ಹೆಚ್ಚು ಕಟ್ಟುವ ಸಂದರ್ಭ ಬರಬಹುದು. "ನಿನ್ನ ದಂಡ ನಾವು ಕಟ್ಟಿಕೊಡ್ತೇವೆ" ಎಂದು ಸಾವ್ಕಾರ್ರು ಅಂದರು. ಒಳ್ಳೆಯ ಮನಸ್ಸೇ ಇರಬಹುದು. ಆದರೆ ಆದೇಶದಲ್ಲಿ ಇರುವ ಹೆಸರು ಅವನದು, ನಾಳೆ ಬೇರೆ ಕಡೆ ಕೆಲಸ ಕೇಳಲು ಹೋಗುವವನೂ ಅವನು. ದಂಡ ಬಾಕಿ ಉಳಿದರೆ ಆದಾಯ ತೆರಿಗೆ ಬಾಕಿಯಂತೆ ವಸೂಲಿ ಮಾಡುವುದೂ ಅವನಿಂದಲೇ.

ಕಾಗದ ಬಂದ ಮೇಲೆ

ಮೊದಲ ರಾತ್ರಿ ಅವನಿಗೆ ಬಂದ ಯೋಚನೆ ಗ್ರೂಪ್ ಅಳಿಸುವುದು. ಅಳಿಸಲಿಲ್ಲ, ಅದು ಅವನ ಪುಣ್ಯ. ಉಳಿದ ನಾಲ್ಕು ಪ್ಲಾಂಟಿನವರ ಫೋನುಗಳಲ್ಲಿ ಎಲ್ಲವೂ ಇತ್ತು. ದಾಖಲೆ ನಾಶ ಮಾಡುವುದಕ್ಕೆ ಕಾಯ್ದೆಯಲ್ಲಿ ಪ್ರತ್ಯೇಕ ದಂಡವಿದೆ. ಅದಕ್ಕಿಂತ ದೊಡ್ಡ ನಷ್ಟ ಎಂದರೆ ದಂಡ ಕಡಿತದ ದಾರಿ ಮುಚ್ಚಿಹೋಗುತ್ತಿತ್ತು.

ಆ ದಾರಿ ಸೆಕ್ಷನ್ 46. ಒಪ್ಪಂದದ ಪೂರ್ತಿ ನಿಜ ಹೇಳಿ, ಅದರಿಂದ ಹೊರಬಂದು, ಕೊನೆಯವರೆಗೆ ಸಹಕರಿಸುವವರಿಗೆ ಆಯೋಗ ದಂಡ ಕಡಿಮೆ ಮಾಡಬಹುದು. ಮೊದಲು ಬಂದವರಿಗೆ 100 ಶೇಕಡಾದವರೆಗೆ, ಎರಡನೆಯವರಿಗೆ 50ರವರೆಗೆ, ಮೂರನೆಯವರಿಗೆ 30ರವರೆಗೆ. ಪ್ಯಾನಸಾನಿಕ್ ಬ್ಯಾಟರಿ ಪ್ರಕರಣದಲ್ಲಿ 2018ರಲ್ಲಿ ಮೊದಲು ಬಾಯಿಬಿಟ್ಟ ಕಂಪನಿಗೆ ಪೂರ್ತಿ ಮಾಫಿಯಾಯಿತು, ಜೊತೆಗಿದ್ದ ಎವರೆಡಿಗೆ 171 ಕೋಟಿಗೂ ಮೇಲೆ ದಂಡವಾಯಿತು. ತನಿಖೆ ಶುರುವಾದ ಮೇಲೂ ಅರ್ಜಿ ಹಾಕಬಹುದು. ತನಿಖಾ ವರದಿ ಆಯೋಗದ ಕೈಸೇರಿದ ಮೇಲೆ ಆಗುವುದಿಲ್ಲ. ಅಂದರೆ ಸಮನ್ಸ್ ಬಂತೆಂದು ಎಲ್ಲ ಮುಗಿದಂತಲ್ಲ. ಅರ್ಜಿದಾರರ ಗುರುತನ್ನು ಗುಟ್ಟಾಗಿ ಇಡುವ ನಿಯಮವೂ ಇದೆ. ಕಾರವಾರದಂಥ ಊರಲ್ಲಿ ಎಷ್ಟು ದಿನ ಗುಟ್ಟಾಗಿ ಉಳಿದೀತು ಎಂಬುದು ಬೇರೆ ಮಾತು.

2017ರಿಂದ ವ್ಯಕ್ತಿಗಳೂ ತಾವೇ ಅರ್ಜಿ ಹಾಕಬಹುದು. ಸಂಸ್ಥೆಯೇ ಹಾಕಿದರೆ, ತನ್ನ ಪರವಾಗಿ ಒಪ್ಪಂದದಲ್ಲಿದ್ದ ಯಾರ್ಯಾರಿಗೆ ಕಡಿತ ಬೇಕು ಎಂದು ಹೆಸರು ಕೊಡಬೇಕು. ಮ್ಯಾನೇಜರ್ ನೋಡಬೇಕಾದ ಸಾಲು ಇದೇ. ಸಾವ್ಕಾರ್ರ ವಕೀಲರು ತಯಾರಿಸಿದ ಮೊದಲ ಕರಡಿನಲ್ಲಿ ಇಬ್ಬರು ಪಾಲುದಾರರ ಹೆಸರಿತ್ತು. ಇವನದಿರಲಿಲ್ಲ. ಬೇಕೆಂದೇ ಬಿಟ್ಟರೋ, ನೆನಪಿಗೆ ಬರಲಿಲ್ಲವೋ. ಅಲ್ಲಿಯವರೆಗೆ ಪಾಲುದಾರರಿಗೂ ಇವನಿಗೂ ಒಬ್ಬರೇ ವಕೀಲರಿದ್ದರು. "ಅವನೇ ಗ್ರೂಪ್ ನಡೆಸಿದ್ದು" ಎಂಬುದು ಪಾಲುದಾರರಿಗೆ ಅನುಕೂಲದ ಮಾತು. "ಅವರು ಹೇಳಿದ್ದಕ್ಕೇ ಮಾಡಿದೆ" ಎಂಬುದು ಇವನಿಗೆ ಅನುಕೂಲದ ಮಾತು. ಎರಡನ್ನೂ ಒಬ್ಬರೇ ವಕೀಲರು ವಾದಿಸಲು ಹೇಗೆ ಸಾಧ್ಯ? ಇಂಥ ಕೇಸಿನಲ್ಲಿ ಮ್ಯಾನೇಜರ್ ಮೊದಲ ವಾರವೇ ತನ್ನ ವಕೀಲರನ್ನು ಬೇರೆ ಇಟ್ಟುಕೊಳ್ಳಬೇಕು ಎಂದೇ ನನ್ನ ಅಭಿಪ್ರಾಯ, ಮಾಲೀಕರ ಮೇಲೆ ಎಷ್ಟೇ ವಿಶ್ವಾಸವಿದ್ದರೂ.

ತನಿಖಾಧಿಕಾರಿಗಳಿಗೆ ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವ ಅಧಿಕಾರವಿದೆ. ಅಲ್ಲಿ ಇವನು ಹೋಟೆಲಿನ ಊಟದಿಂದ ಹಿಡಿದು ಗಿರಾಕಿಗಳ ಪಟ್ಟಿಯವರೆಗೆ ಎಲ್ಲವನ್ನೂ ಹೇಳಿದ. ಫೋಟೋದ ಸಂದೇಶ ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಬರೆದದ್ದು ಎಂದೂ ಒಪ್ಪಿದ. ಅದಕ್ಕೆ ಮೊದಲು ತನ್ನ ಹೆಸರಿನಲ್ಲೇ ಕಡಿತದ ಅರ್ಜಿ ಕಳಿಸಿ ಸರದಿ ಹಿಡಿದಿದ್ದ. ಬೆಳಿಗ್ಗೆ ಇಮೇಲ್ ಹೋಯಿತು. ಹೊನ್ನಾವರದ ಸುಮ್ಮನಿದ್ದ ಮ್ಯಾನೇಜರ್ ಮತ್ತು ಅವನ ಪ್ಲಾಂಟಿನವರು ಅದೇ ದಿನ ಮಧ್ಯಾಹ್ನ ಕಳಿಸಿದರು. ಮೊದಲ ಸ್ಥಾನ ಹೋಗಿತ್ತು. ಅವರಿಗೆ ಇನ್ನು ಸಿಗಬಹುದಾದದ್ದು ಹೆಚ್ಚೆಂದರೆ 50 ಶೇಕಡಾ. ಅದೂ ಆಯೋಗದ ಕೈಯಲ್ಲಿ ಈಗಾಗಲೇ ಇರುವುದಕ್ಕಿಂತ ಹೊಸದೇನಾದರೂ ಕೊಟ್ಟರೆ ಮಾತ್ರ. ಈಗ ಅವರು ಹಳೆಯ ಬಿಲ್ ಪುಸ್ತಕಗಳಲ್ಲಿ ಅದನ್ನು ಹುಡುಕುತ್ತಿದ್ದಾರೆ.